ಅಳಿಯ ಆರಿಸಿದ ಹಲಗೆ

ಬಿಲ್ಲು ಮಾಡುವುದರಲ್ಲಿ ಗಾದ್ರಯ್ಯ ಎತ್ತಿದ ಕೈ. ಆದರೆ ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ.

ಒಂದು ದಿನ ಅಳಿಯ ಪಾಲಯ್ಯ ಬಂದ. ಅವನ ಕುರಿಹಟ್ಟಿಗೆ ತೋಳದ ಕಾಟ, ಗಟ್ಟಿ ಬಿಲ್ಲೊಂದು ಬೇಕಿತ್ತು. ಗಾದ್ರಯ್ಯ ತಡಸಲು ಮರದ ಎರಡು ಹಲಗೆ ತಂದು ಗೋಡೆಗೆ ಒರಗಿಸಿದ. ಒಂದು ನುಣ್ಣಗೆ, ನೆಟ್ಟಗೆ, ಮದುವಣಗಿತ್ತಿಯ ಹಾಗಿತ್ತು. ಇನ್ನೊಂದು ಸೊಟ್ಟ, ಮೈತುಂಬ ಕಪ್ಪು ಕಲೆ. ಆದರೆ ಸೊಟ್ಟ ಹಲಗೆಯಲ್ಲಿ ಮರದ ನಾರಿನ ಎಳೆ ಈ ತುದಿಯಿಂದ ಆ ತುದಿಯ ತನಕ ಕಡಿಯದೆ ಹರಿದಿತ್ತು. ಚೆಂದದ ಹಲಗೆಯ ಎಳೆ ನಡುವಿನಲ್ಲೇ ಓರೆಯಾಗಿ ಅಂಚಿಗೆ ಹೋಗಿ ಮುಗಿದಿತ್ತು. ಎಳೆ ಮುಗಿದ ಕಡೆಯೇ ಬಿಲ್ಲು ಮುರಿಯುವುದು.

"ಈ ಸೊಟ್ಟದ್ದನ್ನ ತಗೋ," ಅಂದ ಗಾದ್ರಯ್ಯ.

ಜಗುಲಿಯ ಮೇಲೆ ನಾಲ್ಕು ಜನ ಕೂತಿದ್ದರು. ಪಾಲಯ್ಯ ಅವರ ಕಡೆ ನೋಡಿ ನಕ್ಕ. "ನೋಡ್ರಪ್ಪಾ, ಚೆಂದದ್ದನ್ನ ಊರಗೌಡನಿಗೆ ಎತ್ತಿಟ್ಟು ಅಳಿಯನಿಗೆ ಸೌದೆ ಕೊಡ್ತಾನೆ ನಮ್ಮ ಮಾವ! ಇಲ್ಲಾಂದ್ರೆ ಕಣ್ಣು ಮಂಜಾಗಿರಬೇಕು. ನನಗೆ ಆ ನೆಟ್ಟಗಿರೋದೇ ಬೇಕು."

ಜನ ಗೊಳ್ಳೆಂದರು. ಗಾದ್ರಯ್ಯನ ಮೈಯೆಲ್ಲ ಉರಿದುಹೋಯಿತು. ಅದರ ಎಳೆ ನಡುವೆಯೇ ಮುಗಿದಿದೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡ. ಆರಿಸಿಕೊಂಡವನೇ ಅನುಭವಿಸಲಿ ಅಂತ ಚೆಂದದ ಹಲಗೆಯಲ್ಲೇ ಕೆತ್ತತೊಡಗಿದ. ಕೆತ್ತುವಾಗ ಕೈ ಒಮ್ಮೆ ತಡೆಯಿತು. ಸಿಟ್ಟು ನಿಲ್ಲಗೊಡಲಿಲ್ಲ.

ಯಾರ ಸಿಟ್ಟು ಯಾರ ಮೇಲೆ ಅಂತ ಮರಕ್ಕೇನು ಗೊತ್ತು? ಬಿಲ್ಲು ಒಯ್ದ ಕೆಲವೇ ದಿನಕ್ಕೆ ಪಾಲಯ್ಯ ಜ್ವರ ಬಂದು ಮಲಗಿದ. ಆವತ್ತು ಬಿಲ್ಲು ಹಿಡಿದು ಕುರಿಯ ಹಿಂದೆ ಹೋದವಳು ಅವನ ಹೆಂಡತಿ ಬೋರವ್ವ, ಗಾದ್ರಯ್ಯನ ಮಗಳು. ತೋಳ ಎದುರಿಗೇ ಬಂತು. ಅವಳು ಹೆದೆ ಎಳೆದಳು. ಬಿಲ್ಲು ಫಟ್ಟನೆ ಮುರಿದು, ಅದರ ಸಿಗುರು ಕಣ್ಣಿನ ಕೆಳಗಿಂದ ಗದ್ದದ ತನಕ ಕೆನ್ನೆ ಸೀಳಿತು. ನಾಯಿಗಳು ತೋಳದ ಮೇಲೆ ಬೀಳದಿದ್ದರೆ ಅವಳ ಹೆಣ ಹೊತ್ತು ತರಬೇಕಾಗುತ್ತಿತ್ತು.

ರಕ್ತ ಒರೆಸಿಕೊಳ್ಳದೆ ನೇರ ತವರಿಗೆ ಬಂದಳು. ಮುರಿದ ತುಂಡುಗಳನ್ನು ಅಪ್ಪನ ಕಾಲಬುಡಕ್ಕೆ ಎಸೆದಳು.

ಸುದ್ದಿ ಕೇಳಿ ಹಿಂದೆಯೇ ಕಂಬಳಿ ಹೊದ್ದು ಓಡಿಬಂದ ಪಾಲಯ್ಯ, "ಮಾವನ್ನ ಅನ್ನಬೇಡ ಕಣೇ, ಹಲಗೆ ಆರಿಸಿದೋನು ನಾನು," ಅಂದ.

"ನೀನು ಸುಮ್ಕಿರು! ನಿನಗೆ ಮರ ಗೊತ್ತಿಲ್ಲ, ಬರೀ ಬಾಯಿ ಗೊತ್ತು." ಅಪ್ಪನ ಕಡೆ ತಿರುಗಿದಳು. "ಅಪ್ಪಯ್ಯ, ನಿನ್ನ ಕೈಯಿಂದ ಬಂದದ್ದು ಅಂತ ನಾನು ಎಳೆ ಸಹ ನೋಡದೆ ಎಳೆದೆ. ನಿನ್ನ ಕೈಗೆ ಗೊತ್ತಿತ್ತಲ್ಲ, ಬಾಯಿಗೆ ಏನಾಗಿತ್ತು?"

"ಇವನು ನಾಲ್ಕು ಜನರ ಮುಂದೆ ನನ್ನ..."

"ನಾಲ್ಕು ಜನ ನಕ್ಕರೆ ನಿನ್ನ ಕೆನ್ನೆ ಹರೀತಾ?"

ಗಾದ್ರಯ್ಯ ಎದ್ದ. ಒಳಗೆ ಹೋಗಿ ಸೊಟ್ಟ ಹಲಗೆ ತಂದ. ಜಗುಲಿಯ ಮೇಲೆ ಅದೇ ಜನ ಕೂತಿದ್ದರು. ಅವರ ಮುಂದೆಯೇ ಅಳಿಯನ ಕೈ ಹಿಡಿದೆಳೆದು ಹಲಗೆಯ ಮೇಲಿಟ್ಟ. "ಇಡೋ ಬೆರಳು, ದಡ್ಡ! ಈ ಎಳೆ ಎಲ್ಲಿಗೆ ಹೋಗುತ್ತೆ, ನೋಡ್ತಾ ಹೋಗು. ಇದನ್ನ ನಾನು ಆವತ್ತೇ ಹೇಳಬೇಕಿತ್ತು."

ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಹೇಳಿದ. ಅಷ್ಟನ್ನು ಮೊದಲೇ ಹೇಳಿದ್ದರೆ ಮಗಳ ಕೆನ್ನೆ ಉಳಿಯುತ್ತಿತ್ತು.

ನೀತಿ: ಸಿಟ್ಟು ಬಂದರೆ ಬೈಯಿರಿ, ಕೂಗಾಡಿರಿ, ಬೇಕಾದರೆ ಉಣ್ಣದೆ ಮಲಗಿರಿ. ಆದರೆ ಗೊತ್ತಿರುವ ಅಪಾಯವನ್ನು ಹಠಕ್ಕೆ ಬಿದ್ದು ಮುಚ್ಚಿಡಬೇಡಿ. ಒಬ್ಬನಿಗೆ ಬುದ್ಧಿ ಬರಲಿ ಅಂತ ಬಿಟ್ಟ ಕೇಡು ಇನ್ಯಾರ ಮೈ ಸೀಳುತ್ತದೋ, ಬಿಟ್ಟವನಿಗೂ ಗೊತ್ತಿರುವುದಿಲ್ಲ.