ಮೊದಲ ಹರಿಗೋಲಿಗೆ ಅಪಶಕುನ

ಬೆಳ್ಳಂಬೆಳಗ್ಗೆ ಹುಲಿಗೆವ್ವ ಹೊಳೆ ದಂಡೆಯಿಂದ ಮರಿಶಾಂತಜ್ಜನವರ ಆಶ್ರಮಕ್ಕೆ ಓಡಿ ಬಂದಳು. ಅಂಬಿಗನೊಬ್ಬನ ಹೆಂಡತಿ ಅವಳು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಅಜ್ಜನ ಶಿಷ್ಯೆಯಾಗಿ ಅಕ್ಷರವನ್ನೂ ತತ್ವಪದವನ್ನೂ ಕಲಿಯುತ್ತಿದ್ದಳು.

"ಅಜ್ಜಾರ, ಏಳ್ರಿ! ಆಚೆ ದಂಡಿ ಊರಾಗ ನನ್ನ ಮಗಳಿಗೆ ಬ್ಯಾನಿ ಸುರು ಆಗ್ಯಾವಂತ, ಆ ದಂಡಿಯಿಂದ ಕೂಗಿ ಹೇಳಿದ್ರು. ಅಲ್ಲಿ ಸೂಲಗಿತ್ತಿ ಇಲ್ಲ. ನಾನ ಹೋಗಿ ಹೆರಿಗಿ ಮಾಡಬೇಕು."

"ಹೋಗು ಮತ್ತ."

"ದುರುಗಪ್ಪ ಹತ್ತಿಸಿಕೊಳ್ಳವಲ್ಲ."

ದುರುಗಪ್ಪ ಅವಳ ಮೈದುನ. ಅಣ್ಣ ಸತ್ತ ಮೇಲೆ ಹರಿಗೋಲು ಅವನ ಕೈಗೆ ಬಂದಿತ್ತು. ದಿನದ ಮೊದಲ ಹರಿಗೋಲಿಗೆ ಗಂಡ ಸತ್ತವಳು ಕಾಲಿಟ್ಟರೆ ಅಪಶಕುನ ಎಂಬುದು ಆ ದಂಡೆಯ ಶಾಸ್ತ್ರ. ಬೋಣಿ ಬೇರೆ ಯಾರಾದರೂ ಮಾಡಬೇಕು, ಆಮೇಲೆ ಅವಳು.

ಇವತ್ತು ಹೊಳೆ ಏರುತ್ತಿತ್ತು. ಇನ್ನೊಂದಿಷ್ಟು ಹೊತ್ತು ಕಳೆದರೆ ದಾಟುವಂತೆಯೇ ಇರಲಿಲ್ಲ. ಅಂಥ ನೀರಿಗೆ ಹೆದರಿ ಬೋಣಿ ಮಾಡುವವರು ಒಬ್ಬರೂ ಬಂದಿರಲಿಲ್ಲ. ಆದರೂ ದುರುಗಪ್ಪ ಬೀಡಿ ಹಚ್ಚಿಕೊಂಡು ಕಾಯುತ್ತ ಕೂತಿದ್ದ. ಹೊಳೆಯಾದರೂ ಏರುತ್ತದೆ, ಇಳಿಯುತ್ತದೆ, ಶಾಸ್ತ್ರ ಇಳಿಯುವುದುಂಟೆ!

"ಅಜ್ಜಾರ, ನೀವು ಬಂದು ಒಂದು ಹೆಜ್ಜಿ ಒಳಗಿಟ್ಟು ಇಳದುಬಿಡ್ರಿ ಸಾಕು. ನಿಮ್ಮ ಪಾದದಿಂದ ಬೋಣಿ ಆಗತೈತಿ. ಹಿಂದ ನಾ ಹತ್ತತೀನಿ."

"ಒಲ್ಲೆ."

ಬೇಡಿ ಬಂದವರಿಗೆ ಅಜ್ಜ ಇಲ್ಲ ಅಂದದ್ದನ್ನು ಹುಲಿಗೆವ್ವ ಕೇಳಿಯೇ ಇರಲಿಲ್ಲ.

"ಅಪಶಕುನ ಅಂದ್ರ ಏನವ್ವಾ?" ಎಂದರು ಅಜ್ಜ.

"ಇದು ಪಾಠದ ಹೊತ್ತೇನ್ರಿ?"

"ಇದ ಹೊತ್ತು. ಹೇಳು."

"ಅಪಶಕುನ ಅಂದ್ರ ನಾನು."

"ಯಾರು ಕಲಿಸಿದ್ರು?"

"ಬಳಿ ಒಡದ ದಿನ ಅತ್ತಿ ಕಲಿಸಿದ್ಲು. ಆಮ್ಯಾಲ ಊರು ಕಲಿಸ್ತು. ಈಗ ಯಾರೂ ಹೇಳೂದ ಬ್ಯಾಡ. ಎದುರಿಗೆ ಯಾರರ ಬಂದ್ರ ನಾನ ಗ್ವಾಡಿಗೆ ಸರದು ನಿಲ್ಲತೀನಿ."

"ನನ್ನ ಹೆಂಡತಿ ಸತ್ತು ಭಾಳ ವರ್ಷಾತು. ನನಗ ಈ ಪಾಠ ಯಾರೂ ಹೇಳಲಿಲ್ಲ ನೋಡು," ಎಂದವರೇ ಅಜ್ಜ ಕೋಲು ಹಿಡಿದು ದಂಡೆಯ ಕಡೆ ನಡೆದರು. ಹುಲಿಗೆವ್ವ ಹಿಂದೆ ಓಡಿದಳು.

ದುರುಗಪ್ಪ ಬೀಡಿ ಎಸೆದು ಎದ್ದ. "ಬರ್ರಿ ಅಜ್ಜಾರ, ಬರ್ರಿ! ನಿಮ್ಮ ಪಾದ ಬಿದ್ರ ಇವತ್ತಿನ ದಿನ ಬಂಗಾರ."

"ನನ್ನ ಹೆಂಡತಿ ಸತ್ತಾಳಪಾ. ನಾನೂ ಅಪಶಕುನ ಅಲ್ಲೇನು?"

"ಎಲ್ಲ್ಯರ ಉಂಟೇನ್ರಿ! ಅದು ಗಂಡಸರಿಗೆ ಹತ್ತೂದಿಲ್ಲ."

"ಯಾಕ ಹತ್ತೂದಿಲ್ಲ?"

ದುರುಗಪ್ಪ ತಲೆ ಕೆರೆದುಕೊಂಡ. "ಹಿಂದಿನಿಂದ ಬಂದದ್ರೀ ಅದು."

ಹುಲಿಗೆವ್ವನಿಗೆ ನಗು ಬಂತು. ನಗುವಿನ ಬೆನ್ನಿಗೇ ಸಿಟ್ಟು ಬಂತು. ಇಷ್ಟು ವರ್ಷ ನುಂಗಿಕೊಂಡ ಸಿಟ್ಟೆಲ್ಲ ಒಮ್ಮೆಗೇ ನೆತ್ತಿಗೇರಿತು. ಗಂಡ ಇದ್ದಾಗ ಇದೇ ಹೊಳೆಯಲ್ಲಿ ಅವನ ಸರಿಸಮ ಹುಟ್ಟು ಹಾಕಿದವಳು ಅವಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಡಗಾಲೋ ಬಲಗಾಲೋ ನೋಡದೆ ಹರಿಗೋಲು ಹತ್ತಿ ಹುಟ್ಟು ಕೈಗೆ ತಗೊಂಡಳು.

"ಅತ್ತಿಗಿ, ಇಳಿ! ಅಪಶಕುನ ಆಗತೈತಿ!"

"ಆಗಲಿ! ಅಲ್ಲಿ ನನ್ನ ಮಗಳ ಜೀವ ಹೋಗಾಕ ಹತ್ತೈತಿ. ಅದಕ್ಕಿಂತ ದೊಡ್ಡ ಅಪಶಕುನ ನಿನ್ನ ಕಡೆ ಇದ್ರ ತಗೊಂಡು ಬಾ, ನೋಡೂಣು!"

ದುರುಗಪ್ಪ ಹಗ್ಗ ಬಿಡಲಿಲ್ಲ. ಅಜ್ಜ ಅವಳ ಹಿಂದೆ ಹತ್ತಿ, ಅವಳ ಕಾಲ ಬಳಿ ಕೂತರು. ಅಜ್ಜ ಕೂತ ಹರಿಗೋಲನ್ನು ಜಗ್ಗಿ ನಿಲ್ಲಿಸುವ ಎದೆ ಅವನಿಗಿರಲಿಲ್ಲ. ಹಗ್ಗ ಬಿಟ್ಟ.

ನಡುಹೊಳೆಯಲ್ಲಿ ಸುಳಿ ಸಿಕ್ಕಿತು. ಹರಿಗೋಲು ಗರಗರ ತಿರುಗಿತು. "ನಾ ಹೇಳಲಿಲ್ಲೇನು! ಹೇಳಲಿಲ್ಲೇನು!" ಎಂದು ದುರುಗಪ್ಪ ದಂಡೆಯಿಂದ ಕೂಗುತ್ತಿದ್ದ. ಹುಲಿಗೆವ್ವ ಹುಟ್ಟು ಹಾಕುವುದನ್ನು ನಿಲ್ಲಿಸಿ ದಂಡೆಯ ಕಡೆ ತಿರುಗಿದಳು.

"ಅಜ್ಜಾರ, ಅವ ಅಂದಂಗ ಆದ್ರ?"

ಅಜ್ಜ ಮುಖಕ್ಕೆ ಸಿಡಿದ ನೀರು ಒರೆಸಿಕೊಂಡರು.

"ಮುಳುಗಿದ್ರ ನಿನ್ನ ಹೆಸರು ಹೇಳತಾರ, ದಾಟಿದ್ರ ದೇವರ ಹೆಸರು ಹೇಳತಾರ. ನೀ ಹುಟ್ಟು ಹಾಕವ್ವಾ."