ಗೋಡೆಯ ಕರೆಂಟು

"ಗುರುಗಳೇ, ಮಗಳ ಗಂಟಲು ವಾಸಿಯಾಯಿತು. ಇನ್ನು ಎಷ್ಟು ಬೇಗ ಅವಳನ್ನು ನಮ್ಮ ಮನೆಯ ಶ್ರುತಿಗೆ ತರಬಹುದು?" ಎಂದು ಚಿದಂಬರ ಕೇಳಿದ.

ಚಿದಂಬರನದು ಹಾಡುಗಾರರ ಮನೆ. ಅವನ ತಂದೆ ಏರು ಶ್ರುತಿಯಲ್ಲಿ ಹಾಡಿ ಹೆಸರು ಮಾಡಿದ್ದರು. ಅವನೂ ಅದರಲ್ಲೇ ಹಾಡುತ್ತಿದ್ದ. ಮನೆಯ ತಂಬೂರಿಯನ್ನು ಆ ಶ್ರುತಿಯಿಂದ ಯಾರೂ ಇಳಿಸಿದ್ದಿಲ್ಲ. ಮಗಳು ವಸುಧಾಳಿಗೂ ಅದೇ ಶ್ರುತಿಯಲ್ಲಿ ಪಾಠವಾಯಿತು. ಅವಳದು ತಗ್ಗಿನ ಕಂಠ. ಮೇಲಿನ ಷಡ್ಜಕ್ಕೆ ಏರುವಾಗ ಕುತ್ತಿಗೆಯ ನರ ಉಬ್ಬುತ್ತಿತ್ತು. ಒಂದು ಬೆಳಿಗ್ಗೆ ಹಾಡುತ್ತಿದ್ದಂತೆಯೇ ದನಿ ನಿಂತುಹೋಯಿತು. ಮಾತೂ ಆಡಕೂಡದು ಎಂದರು ವೈದ್ಯರು. ತಿಂಗಳುಗಟ್ಟಲೆ ಸನ್ನೆಯಲ್ಲೇ ಕಳೆದ ಹುಡುಗಿ ಈಗಷ್ಟೇ ಮತ್ತೆ ಗುನುಗತೊಡಗಿದ್ದಳು.

ಗುರುಗಳು ಕೈಯಲ್ಲಿದ್ದ ತಂಬೂರಿಯನ್ನು ಪಕ್ಕಕ್ಕೆ ಒರಗಿಸಿದರು.

"ಸಂಗೀತದ ಕತೆ ಹೇಳಿದರೆ ನೀನು ನನ್ನ ರಾಗವನ್ನೇ ತಿದ್ದಲು ಬರುತ್ತೀಯೆ. ಅದಕ್ಕೆ ಒಂದು ಆಟದ ಯಂತ್ರದ ಕತೆ ಹೇಳುತ್ತೇನೆ, ಕೇಳು," ಎಂದರು.

ಒಬ್ಬ ವರ್ತಕನಿದ್ದ. ಅವನು ಚಿಕ್ಕವನಾಗಿದ್ದಾಗ ಪಕ್ಕದ ಮನೆಯಲ್ಲಿ ಟೀವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಇತ್ತು. ಕಿಟಕಿಯ ಸರಳು ಹಿಡಿದು ನೋಡುತ್ತ ನಿಲ್ಲುತ್ತಿದ್ದ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಆ ಆಸೆ ಅವನ ಜೊತೆಗೇ ಬೆಳೆಯಿತು. ತಲೆ ನರೆತ ಮೇಲೆ, ಅಂಥದೇ ಹಳೆಯ ಯಂತ್ರವೊಂದನ್ನು ಜಪಾನಿನಿಂದ ತರಿಸಿದ. ಅದನ್ನು ತಯಾರಿಸುವುದು ನಿಂತು ಎಷ್ಟೋ ಕಾಲವಾಗಿತ್ತು. ಪೆಟ್ಟಿಗೆ ಬಂದ ದಿನವೇ ಬಿಚ್ಚಿ ಟೀವಿಗೆ ಸಿಕ್ಕಿಸಿದ.

ಜಪಾನಿನ ಗೋಡೆಯಲ್ಲಿ ಬರುವುದು ನೂರು ವೋಲ್ಟು. ನಮ್ಮ ಗೋಡೆಯಲ್ಲಿ ಇನ್ನೂರ ಮೂವತ್ತು. ವರ್ತಕ ಅದನ್ನು ಯೋಚಿಸಲಿಲ್ಲ. ಪ್ಲಗ್ಗು ಕೂತರೆ ಎಲ್ಲವೂ ಕೂತಂತೆ ಎಂದುಕೊಂಡು ಸ್ವಿಚ್ ಒತ್ತಿದ. ಯಂತ್ರದ ಕೆಂಪು ದೀಪ ಒಮ್ಮೆ ಜೋರಾಗಿ ಬೆಳಗಿ ಆರಿಹೋಯಿತು. ಸುಟ್ಟ ವಾಸನೆ ಮನೆಯನ್ನೆಲ್ಲ ತುಂಬಿತು.

ಯಂತ್ರವನ್ನು ಟವೆಲಿನಲ್ಲಿ ಸುತ್ತಿಕೊಂಡು ರಿಪೇರಿಯವನ ಬಳಿಗೆ ಓಡಿದ. ರಿಪೇರಿಯವನು ಬಿಚ್ಚಿ ನೋಡಿದ. ಕರೆಂಟು ಒಳಗೆ ಬರುವ ಕಡೆಯ ಭಾಗಗಳು ಕರಕಲಾಗಿದ್ದವು. ಆಟವನ್ನು ನಡೆಸುವ ಮುಖ್ಯ ಚಿಪ್ ಹೇಗೋ ಉಳಿದಿತ್ತು. ಸುಟ್ಟದ್ದನ್ನು ಕಿತ್ತು ಬೇರೆಯದನ್ನು ಬೆಸೆದ. ಟೀವಿಯ ಮೇಲೆ ಚಿತ್ರ ಮೂಡಿದಾಗ ವರ್ತಕ ಅಲ್ಲೇ ಕುಳಿತು ಅತ್ತುಬಿಟ್ಟ.

ರಿಪೇರಿಯವನು ವೋಲ್ಟೇಜ್ ಇಳಿಸುವ ಒಂದು ಟ್ರಾನ್ಸ್‌ಫಾರ್ಮರ್ ತಂದು ಮೇಜಿನ ಮೇಲಿಟ್ಟ. "ಇದು ನೂರು ವೋಲ್ಟಿನ ಊರಲ್ಲಿ ಹುಟ್ಟಿದ್ದು ಸ್ವಾಮಿ. ನಡುವೆ ಈ ಪೆಟ್ಟಿಗೆ ಇಲ್ಲದೆ ನಿಮ್ಮ ಗೋಡೆಗೆ ಹಾಕಬೇಡಿ," ಎಂದ.

ವರ್ತಕನ ಮುಖ ಸಣ್ಣಗಾಯಿತು. "ನಮ್ಮಪ್ಪ ಕಟ್ಟಿಸಿದ ಮನೆ ಅದು. ಮಿಕ್ಸಿ, ಫ್ರಿಜ್ಜು, ಟೀವಿ ಎಲ್ಲಾ ಅದೇ ಗೋಡೆಯಿಂದ ನಡೀತಿವೆ, ಒಂದೂ ಸುಟ್ಟಿಲ್ಲ. ಇದೊಂದಕ್ಕೆ ಕರೆಂಟು ಇಳಿಸಬೇಕೆ? ಈಗ ರಿಪೇರಿಯಾಯಿತಲ್ಲ, ತಡೆಯುತ್ತೆ ಬಿಡಿ," ಎಂದ. ಪೆಟ್ಟಿಗೆಯನ್ನು ಮೇಜಿನ ಮೇಲೇ ಬಿಟ್ಟು ಹೋದ.

ಮನೆಗೆ ಬಂದು ಅದೇ ಗೋಡೆಗೆ ಸಿಕ್ಕಿಸಿದ. ಒಮ್ಮೆ ಬೆಂದದ್ದು ಎರಡನೆಯ ಸಲ ತಡೆಯಲಿಲ್ಲ. ಈ ಬಾರಿ ದೀಪ ಕೂಡ ಹತ್ತಲಿಲ್ಲ.

ರಿಪೇರಿಯವನು ಮತ್ತೆ ಬಿಚ್ಚಿದ. ಬಹಳ ಹೊತ್ತು ನೋಡಿ ಮುಚ್ಚಳ ಮುಚ್ಚಿದ. ಮುಖ್ಯ ಚಿಪ್ ಕೂಡ ಸುಟ್ಟಿತ್ತು. ಅಂಥ ಚಿಪ್ ಅವನಿಗೆ ಎಲ್ಲೂ ಸಿಗುವಂತಿರಲಿಲ್ಲ. ಹೋದ ಸಲ ಸರಿಮಾಡಿದಿರಲ್ಲ ಎಂದು ವರ್ತಕ ಕೈ ಮುಗಿದ. ರಿಪೇರಿಯವನು ಯಂತ್ರವನ್ನು ಅದೇ ಟವೆಲಿನಲ್ಲಿ ಸುತ್ತಿ ಅವನ ಮಡಿಲಲ್ಲಿಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಎಂಥ ದಡ್ಡ ಮನುಷ್ಯ!" ಎಂದ ಚಿದಂಬರ. ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಎದುರಿಗಿಟ್ಟ ಪೆಟ್ಟಿಗೆಯನ್ನು ಬಿಟ್ಟು ಬಂದನಲ್ಲ!"

ಹೊರಗೆ ಜಗಲಿಯ ಮೇಲೆ ಅಪ್ಪನಿಗಾಗಿ ಕಾಯುತ್ತಿದ್ದ ವಸುಧಾ, ತನ್ನ ಪಾಡಿಗೆ ತಾನು ಏನೋ ಹಾಡಿಕೊಳ್ಳುತ್ತಿದ್ದಳು. ದನಿ ಮೆಲ್ಲಗಿತ್ತು, ಆದರೆ ಎಲ್ಲೂ ತೊಡರುತ್ತಿರಲಿಲ್ಲ. ಗುರುಗಳು ಕಣ್ಣು ಮುಚ್ಚಿ ಕೇಳಿದರು. ಚಿದಂಬರ ಹುಬ್ಬು ಗಂಟಿಕ್ಕಿದ.

"ನೋಡಿದಿರಾ ಗುರುಗಳೇ, ಶ್ರುತಿ ಎಷ್ಟು ಇಳಿದುಹೋಗಿದೆ!"

ಗುರುಗಳು ಕಣ್ಣು ತೆರೆದರು.

"ಹುಡುಗಿಯ ಗಂಟಲು ರಿಪೇರಿಯಾಯಿತು, ಗೋಡೆಗೆ ಏನು ಮಾಡಿದೆಯಪ್ಪಾ?"