ಹೂಳಿನ ಮಡಿಲು

ಬೇಸಿಗೆಗೆ ಕೆರೆಯ ನೀರು ಇಳಿಯಿತು. ಸೊಪ್ಪಿನ ಹೊಲಕ್ಕೆ ಹೂಳು ಹೊಡೆಯಲು ಸನಿಕೆ ಪ್ರತಿ ವರ್ಷದಂತೆ ಬಂತು.

"ಈ ಸಲ ನನ್ನನ್ನು ಮುಟ್ಟಬೇಡ ತಮ್ಮಾ," ಎಂದಿತು ಹೂಳು.

"ಯಾಕಕ್ಕಾ, ಹೊಲದ ಮೇಲೆ ಮುನಿಸೇ?"

"ಮುನಿಸಲ್ಲಪ್ಪ. ಹಳೇ ಬ್ಯಾಟರಿ ಒಡೆಯುವ ಶೆಡ್ಡಿನಿಂದ ಕಾಲುವೆಯಲ್ಲಿ ಹರಿದುಬಂದ ಸೀಸ ನನ್ನ ಮಡಿಲಲ್ಲಿದೆ. ಮೀನಿನ ಮರಿಗಳಿಗೆ ತಾಗದಿರಲೆಂದು ಅವುಚಿಕೊಂಡಿದ್ದೇನೆ. ನೀನು ನನ್ನನ್ನು ಹೊಲಕ್ಕೆ ಹಾಕಿದರೆ ಅದು ಸೊಪ್ಪಿಗೆ ಏರುತ್ತದೆ, ಸೊಪ್ಪಿನಿಂದ ಮಕ್ಕಳ ತಟ್ಟೆಗೆ."

"ಎಷ್ಟು ದಿನ ಹೀಗೆ ಅವುಚಿಕೊಂಡಿರುತ್ತೀಯಕ್ಕಾ?"

"ಮಡಿಲು ತುಂಬುವವರೆಗೆ. ಆಮೇಲೆ ನನ್ನ ಕೈಲಾಗದು."

ಸನಿಕೆ ಅಕ್ಕನನ್ನು ಅಲ್ಲೇ ಮಲಗಲು ಬಿಟ್ಟು, ಕಾಲುವೆ ಹಿಡಿದು ಮೇಲಕ್ಕೆ ನಡೆದು, ಶೆಡ್ಡಿನ ಮೋರಿಯ ಬಾಯಿಗೆ ಮಣ್ಣು ಎಳೆಯತೊಡಗಿತು.